ಸಜಾಯೆಯ ಹೆಸರು

ಜಪಾನಿನ ಕಡಲಂಚಿನ ಬಂಡೆಗಳಲ್ಲಿ ಸಜಾಯೆ ಎಂಬ ಬಸವನಹುಳು ಬಾಳುತ್ತದೆ. ಟರ್ಬೊ ಎಂಬ ಕುಲದ್ದು. ರುಮಾಲು ಸುತ್ತಿಟ್ಟಂಥ ದಪ್ಪ ಚಿಪ್ಪು, ಎಷ್ಟೋ ಚಿಪ್ಪುಗಳ ಮೇಲೆ ಸಾಲುಮುಳ್ಳು. ಇರುಳಾದ ಮೇಲೆ ಹೊರಟು ಕಡಲಪಾಚಿ ಮೇಯುತ್ತದೆ.

ಈ ಕುಲದ ಜೀವಿಗಳ ಬಾಗಿಲನ್ನು ನೋಡಬೇಕು. ಚಿಪ್ಪಿನ ಬಾಯಿಗೆ ಸರಿಯಾಗಿ ಕೂರುವ ಸುಣ್ಣದ ಗಟ್ಟಿ ಮುಚ್ಚಳ ಅವುಗಳ ಪಾದದ ಹಿಂಬದಿಗೆ ಅಂಟಿಕೊಂಡಿರುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಮೈಯೆಲ್ಲ ಒಳಗೆ, ಹಿಂದೆಯೇ ಬಾಗಿಲು ಭದ್ರ. ಚಿಪ್ಪು ಬೆಳೆಯುವುದು ಬಾಯಿಯ ಅಂಚಿನಲ್ಲಿ. ಬಾಯಿ ಅಗಲವಾದಂತೆಲ್ಲ ಮುಚ್ಚಳವೂ ಹಿಗ್ಗಬೇಕು. ಬದುಕಿನುದ್ದಕ್ಕೂ ಇವೆರಡರ ಅಳತೆ ತಪ್ಪುವುದಿಲ್ಲವಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಒಳಗೋಡೆಗೆ ಮುತ್ತಿನ ಹೊಳಪು. ಇದೇ ಕುಲದ ದೊಡ್ಡಣ್ಣನಾದ ಹಸಿರು ಟರ್ಬೊದ ಆ ಹೊಳಪನ್ನು ಕತ್ತರಿಸಿ, ಹಿರಾಇಜುಮಿಯ ಚೂಸೊನ್‌ಜಿ ದೇಗುಲದಲ್ಲಿ 1124ರಲ್ಲಿ ಎದ್ದ ಚಿನ್ನದ ಮಂಟಪದ ಕಂಬಗಳಲ್ಲಿ ಕೂರಿಸಿದ್ದಾರೆ.

ಸಜಾಯೆಯಾದರೋ ಅಡುಗೆಮನೆಯದು. ಅಮಾ ಎಂದು ಕರೆಯುವ ಮುಳುಗುಗಾರ್ತಿಯರು ಉಸಿರು ಬಿಗಿಹಿಡಿದು ಕಡಲಿಗಿಳಿದು ಇದನ್ನು ಆಯ್ದು ತರುತ್ತಾರೆ. ಚಿಪ್ಪಿನ ಸಮೇತ ಕೆಂಡದ ಮೇಲಿಟ್ಟು, ಸೋಯಾ ಸಾಸ್ ಹನಿಸಿ ಬೇಯಿಸುತ್ತಾರೆ. 1946ರಲ್ಲಿ ಹಾಸೆಗಾವಾ ಮಚಿಕೊ ಪತ್ರಿಕೆಗೆಂದು ಬರೆಯತೊಡಗಿದ ಚಿತ್ರಕಥೆಯ ಗೃಹಿಣಿಗೂ ಇದೇ ಹೆಸರು. 1969ರಿಂದ ಆಕೆ ಟಿವಿಯಲ್ಲೂ ಮನೆಮನೆಗೆ ಬರುತ್ತಿದ್ದಾಳೆ.

ಇಷ್ಟು ಬಳಕೆಯ ಜೀವಿಗೆ ವಿಜ್ಞಾನದಲ್ಲಿ ತನ್ನದೆಂಬ ಹೆಸರೇ ಇರಲಿಲ್ಲ. 1786ರಲ್ಲಿ ಇಂಗ್ಲೆಂಡಿನ ಲೈಟ್‌ಫುಟ್ ಕೊಟ್ಟ ಟರ್ಬೊ ಕಾರ್ನುಟಸ್ ಎಂಬ ಹೆಸರು ಇದರದೇ ಎಂದು ತಿಳಿದವರೆಲ್ಲ ನಂಬಿದ್ದರು. ಆ ಹೆಸರು ನಿಜಕ್ಕೂ ಚೀನಾ ಕಡಲಿನ ಇನ್ನೊಂದು ಬಸವನಹುಳುವಿನದು.

ಯಾರೂ ಅಸಡ್ಡೆ ಮಾಡಿದ್ದಲ್ಲ. ಸಜಾಯೆ ಯಾವುದೆಂದು ಮಕ್ಕಳಿಗೂ ಗೊತ್ತಿರುವಾಗ ಕೇಳುವುದೇನಿದೆ? ಮನೆಯವರ ವಿಷಯದಲ್ಲೂ ನಾವು ಹೀಗೆಯೇ. ಪಕ್ಕದಲ್ಲೇ ಕೂತು ಉಣ್ಣುವವರನ್ನು ಬಲ್ಲೆವೆಂದುಕೊಂಡು, ಅವರಲ್ಲಿ ಕೇಳಬೇಕಾದದ್ದು ಉಳಿದಿದೆಯೆಂಬುದನ್ನೇ ಮರೆಯುತ್ತೇವೆ. ಅಪರಿಚಿತರ ಊರು, ಕೆಲಸ, ಕಷ್ಟಸುಖಗಳನ್ನಾದರೂ ವಿಚಾರಿಸುತ್ತೇವೆ.

ಸಜಾಯೆಗೆ ಅಂಟಿಸಿದ ಹೆಸರು ನಿಜಕ್ಕೂ ಅದರದೇನಾ ಎಂಬ ಪ್ರಶ್ನೆಯನ್ನು ಒಕಾಯಾಮಾ ವಿಶ್ವವಿದ್ಯಾಲಯದ ಹಿರೋಶಿ ಫುಕುದಾ ಕೇಳಿದರು. ಹಳೆಯ ಬರಹಗಳನ್ನು, ಚಿತ್ರಗಳನ್ನು ಮತ್ತೆ ಬಿಡಿಸಿ ನೋಡಿ, 2017ರಲ್ಲಿ ಇದನ್ನು ಟರ್ಬೊ ಸಜಾಯೆ ಎಂದು ಕರೆದರು. ಊರವರು ಕೂಗುತ್ತಿದ್ದ ಹೆಸರನ್ನೇ ಉಳಿಸಿಕೊಟ್ಟರು. ಅಂದಿನಿಂದ ಚೀನಾದ ಬಸವನಹುಳುವಿನ ಹೆಸರೂ ಪೂರ್ತಿಯಾಗಿ ಅದಕ್ಕೇ ಸಂದಿತು.