ಎಕ್ಸ್ ಇಲ್ಲದ ಉತ್ತರ

ದೀಪಾವಳಿಗೆ ಅಥಣಿಗೆ ಹೋದಾಗ, ಹತ್ತನೇ ಕ್ಲಾಸಿನ ಅಕ್ಕನ ಮಗಳು ಗಣಿತದ ಟೆಸ್ಟ್ ಪೇಪರ್ ತಂದು ಮುಂದಿಟ್ಟಳು. ಲೆಕ್ಕ ನಮ್ಮೂರಿನದೇ. ದೊಡ್ಡ ಚಪ್ಪಲಿ ಜೋಡಿಗೆ 700 ರೂಪಾಯಿ, ಸಣ್ಣದಕ್ಕೆ 400. ಹತ್ತು ಜೋಡಿ ಮಾರಿ 5,200 ಬಂತು. ಯಾವುದು ಎಷ್ಟು ಜೋಡಿ? ಉತ್ತರ ಸರಿ ಇತ್ತು. ಸಿಕ್ಕಿದ್ದು ಮೂರಕ್ಕೆ ಒಂದು.

"ಎಲ್ಲಾ ಸಣ್ಣವ ಅಂತ ತಿಳ್ಕೊಂಡೆ ಮಾಮಾ. ನಾಲ್ಕ ಸಾವಿರ ಆತು. ಇನ್ನ ಹನ್ನೆರಡನೂರು ಉಳೀತು. ಒಂದೊಂದ ದೊಡ್ಡದಕ್ಕ ಮುನ್ನೂರು ಹೆಚ್ಚಿಗಿ. ಅಂದ್ರ ದೊಡ್ಡವು ನಾಲ್ಕ."

ಇದಕ್ಕಿಂತ ಚೆಂದಗೆ ನಾನೂ ಬಿಡಿಸುತ್ತಿರಲಿಲ್ಲ. ಸಿಟ್ಟು ಬಂದು ಮಾಸ್ತರಿಗೆ ಫೋನ್ ಮಾಡಿದೆ. "ಹುಡುಗಿ ಶಾಣ್ಯಾ ಅದಾಳ್ರಿ. ಆದ್ರ ನಾ ಇಲ್ಲಿ ಬಿಟ್ಟೆ ಅಂದ್ರ, ನಾಳೆ ಬೋರ್ಡ್ ಪರೀಕ್ಷೆದಾಗ ಪೇಪರ್ ನೋಡಾವ್ರು ಬಿಡ್ತಾರೇನ್ರಿ?" ಚಪ್ಪಲಿ ಲೆಕ್ಕ ಕಟ್ಟಿದವರೂ ಅವರೇ. ಪುಸ್ತಕ ಬಿಟ್ಟು ಯೋಚಿಸುವ ಮಾಸ್ತರು, ಪುಸ್ತಕ ಬಿಟ್ಟು ಯೋಚಿಸಿದ ಹುಡುಗಿಯ ಮಾರ್ಕ್ಸ್ ಕತ್ತರಿಸಿದ್ದರು. ಅದೂ ಅವಳ ಒಳ್ಳೇದಕ್ಕೆ.

ನನ್ನ ಬಾಯಿ ಕಟ್ಟಿತು. ಬೆಂಗಳೂರಿನ ಮೀಟಿಂಗಿನಲ್ಲಿ ಕೂತು ಹೊಸ ಥರ ಯೋಚಿಸಬೇಕು ಅಂದರೆ ನಮಗೆ ಶಹಬ್ಬಾಸ್ ಸಿಗುತ್ತೆ. ಅವಳಿಗೆ ಎರಡು ಮಾರ್ಕ್ಸ್ ಹೋಗುತ್ತೆ. ನಷ್ಟ ಅವಳದು, ಧೈರ್ಯ ಹೇಳೋನು ನಾನು. ಇದು ಸರಿಯಾ?

ಎಕ್ಸ್ ಏನು ಆಕಾಶದಿಂದ ಇಳಿದದ್ದಲ್ಲ. ಅಜ್ಞಾತಕ್ಕೆ ಎಕ್ಸ್, ವೈ ಅನ್ನುವ ರೂಢಿ ಹಬ್ಬಿದ್ದು ಫ್ರಾನ್ಸಿನ ಡೇಕಾರ್ಟ್ 1637ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಅದಕ್ಕೂ ಸುಮಾರು ಐನೂರು ವರ್ಷ ಮೊದಲು ಭಾಸ್ಕರಾಚಾರ್ಯ ಗೊತ್ತಿಲ್ಲದ ರಾಶಿಗಳಿಗೆ ಕಪ್ಪು, ನೀಲಿ, ಹಳದಿ ಅಂತ ಬಣ್ಣದ ಹೆಸರಿಟ್ಟ. ಬೀಜಗಣಿತದ ಬೀಜ ಅಕ್ಷರವಲ್ಲ, ಬುದ್ಧಿ ಎಂಬರ್ಥದ ಮಾತೂ ಅವನದೇ. ಅಷ್ಟು ದೂರ ಯಾಕೆ, 12ನೇ ಶತಮಾನದಲ್ಲಿ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ ರಾಜಾದಿತ್ಯನ ಊರು ಪೂವಿನಬಾಗೆ. ಅದು ನಮ್ಮ ಪಕ್ಕದ ರಾಯಬಾಗವೇ ಅನ್ನುತ್ತಾರೆ.

ಹಾಗಂತ ಎಕ್ಸ್ ಬೇಡ ಅನ್ನೋಕ್ಕಾಗಲ್ಲ. ಅವಳ ಉಪಾಯ ಓಡೋದು ಬೆಲೆಗಳು, ಒಟ್ಟು ಜೋಡಿ ಗೊತ್ತಿದ್ದಾಗ. ಬರೀ ಹೊಗಳಿ ಬಿಟ್ಟರೆ ಅವಳು ಅಲ್ಲೇ ನಿಲ್ಲುತ್ತಾಳೆ. ಅದಕ್ಕೆ ಇನ್ನೊಂದು ಲೆಕ್ಕ ಕೊಟ್ಟೆ: ಮೂರು ದೊಡ್ಡ, ಐದು ಸಣ್ಣ ಜೋಡಿಗೆ 3,700, ಐದು ದೊಡ್ಡ, ನಾಲ್ಕು ಸಣ್ಣದಕ್ಕೆ 4,650. ಬೆಲೆ ಎಷ್ಟೆಷ್ಟು?

ಅರ್ಧ ತಾಸು ಅಂದಾಜು ಹಾಕಿದಳು. ನಾನು ಸುಮ್ಮನೆ ಚಕ್ಕುಲಿ ತಿನ್ನುತ್ತಾ ಕೂತೆ. ಸುಮ್ಮನಿರೋದೇ ಕಷ್ಟದ ಕೆಲಸ. ಕೊನೆಗೆ ಬೇಜಾರಾಗಿ 'ದೊ', 'ಸ' ಅಂತ ಬರೆದುಕೊಂಡಳು. ಮೊದಲನೇ ಸಾಲನ್ನು ಐದರಿಂದ, ಎರಡನೇದನ್ನು ಮೂರರಿಂದ ಗುಣಿಸಿ ಕಳೆದಳು. 13 'ಸ' ಅಂದರೆ 4,550.

"ಸಣ್ಣದು ಮುನ್ನೂರಾ ಐವತ್ತು! ದೊಡ್ಡದು ಆರನೂರಾ ಐವತ್ತು! ಮಾಮಾ, ವರ್ಜಿಸುವ ವಿಧಾನ ಅಂದ್ರ ಇದ ಏನು?"

"ಹೌದು, ಇದ."

"ಹಂಗಾರ ಪರೀಕ್ಷೆದಾಗ 'ದೊ' ಅಂತ ಬರದ್ರ ನಡೀತೈತೇನು?"

ಗಣಿತದ ಪ್ರಕಾರ ಪೂರ್ತಿ ಸರಿ. "ಎಕ್ಸ್ ಅಂತ ಬರಿ" ಅಂದೆ, ಒಂದು ಕ್ಷಣವೂ ಯೋಚಿಸದೆ. ಅವಳು ರಬ್ಬರ್ ತಗೊಂಡು 'ದೊ' ಅಳಿಸತೊಡಗಿದಳು.