ಆ ಕರುವನ್ನು ಸಾಕಿದವರು ಯಾರು?



ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿರುವ ದುಂದುಗಾರ ಮಗನ ಸಾಮತಿ ನಮಗೆಲ್ಲ ಬಾಯಿಪಾಠ. ಮಗ ಮರಳಿ ಬಂದ, ತಂದೆ ಓಡಿಹೋಗಿ ಅಪ್ಪಿಕೊಂಡ, ಕೊಬ್ಬಿಸಿದ ಕರುವನ್ನು ಕೊಯ್ದು ಹಬ್ಬ ಮಾಡಿದರು. ಮಗನ ಬಗ್ಗೆ, ತಂದೆಯ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಕರುವಿನ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಮೂಲ ಗ್ರೀಕ್ ಭಾಷೆಯಲ್ಲಿ ಅದಕ್ಕೆ ಬಳಸಿರುವ ಪದದೊಳಗೆ 'ಸಿತೋಸ್' ಅಂದರೆ ಧಾನ್ಯ ಎಂಬ ಮಾತಿದೆ. ಕಾಳು ತಿನ್ನಿಸಿ ಬೆಳೆಸಿದ ಕರು ಅದು. ತಿಂಗಳುಗಟ್ಟಲೆ ಯಾರೋ ಅದರ ಗೋದಲಿಗೆ ಕಾಳು ಹಾಕಿದ್ದಾರೆ.

ನಮ್ಮ ಕಡೆ ಹಟ್ಟಿಯ ದನವೆಂದರೆ ಹಾಲು, ಉಳುಮೆ, ಗೊಬ್ಬರ. ಮಾಂಸಕ್ಕಾಗಿಯೇ ದನ ಸಾಕುವ ಕುಟುಂಬಗಳ ಪಾಡು ತಿಳಿಯಬೇಕಾದರೆ ಐರ್ಲೆಂಡಿನ ಪಶ್ಚಿಮ ಭಾಗದ ಸಣ್ಣ ಹಿಡುವಳಿಗಳನ್ನು ನೋಡಬೇಕು. ಅಲ್ಲಿ ಇಂಥ ಹಸುವಿನ ಹಾಲನ್ನು ಕರೆಯುವುದಿಲ್ಲ, ಪೂರ್ತಿ ಕರುವಿಗೇ ಬಿಡುತ್ತಾರೆ. ಹಸುಗಳು ಹೆಚ್ಚಾಗಿ ವಸಂತ ಋತುವಿನಲ್ಲಿ ಈಯುತ್ತವೆ. ಆ ವಾರಗಳಲ್ಲಿ ಮನೆಯವರಿಗೆ ನಿದ್ದೆಯಿಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಬೇಕು. ಹುಟ್ಟಿದ ಕರು ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು. ರೋಗ ತಡೆಯುವ ಶಕ್ತಿ ಬರುವುದು ಆ ಹಾಲಿನಿಂದ. ಒಂದು ದಿನ ಕಳೆದರೆ ಕರುವಿನ ಕರುಳು ಅದನ್ನು ಹೀರಿಕೊಳ್ಳದು. (ಗಿಣ್ಣದ ಆಸೆಗೆ ಕರುವಿನ ಪಾಲನ್ನೂ ಕರೆದುಕೊಳ್ಳುವ ನಮ್ಮವರು ಇದನ್ನು ಗಮನಿಸಲಿ.) ಬೇಸಿಗೆಯೆಲ್ಲ ತಾಯಿಯೊಡನೆ ಹುಲ್ಲುಗಾವಲು. ಏಳೆಂಟು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಒಮ್ಮೆಲೇ ಅಗಲಿಸಿದರೆ ತಾಯಿ, ಕರು ಎರಡೂ ದಿನಗಟ್ಟಲೆ ಕೂಗುತ್ತವೆ, ಕರುವಿಗೆ ಶ್ವಾಸಕೋಶದ ಕಾಯಿಲೆ ಬೇಗ ಹಿಡಿಯುತ್ತದೆ. ಆದ್ದರಿಂದ ತಿಳಿದವರು ಎಲ್ಲ ತಾಯಿಹಸುಗಳನ್ನೂ ಒಂದೇ ದಿನ ಒಯ್ಯದೆ, ಕೆಲವು ದಿನಗಳ ಅಂತರ ಬಿಟ್ಟು ಕೆಲವನ್ನಷ್ಟೇ ಸರಿಸುತ್ತಾರೆ. ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ಸೈಲೇಜ್, ಕೊನೆಯ ತಿಂಗಳುಗಳಲ್ಲಿ ಕಾಳು. ಕಾಳನ್ನೂ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಒಮ್ಮೆಲೇ ಸುರಿದರೆ ಹೊಟ್ಟೆಯಲ್ಲಿ ಆಮ್ಲವೇರಿ ದನ ಸತ್ತೇ ಹೋಗಬಹುದು. ಕಸಾಯಿಖಾನೆಗೆ ಹೋಗುವ ಹೊತ್ತಿಗೆ ಅದಕ್ಕೆ ಸುಮಾರು ಎರಡು ವರ್ಷ.

ಕೊಲ್ಲುವುದಕ್ಕೇ ಆದರೆ ಇಷ್ಟು ಆರೈಕೆ ಏಕೆ? ನ್ಯಾಯವಾದ ಪ್ರಶ್ನೆ. ಪ್ರಾಣಿಗಳನ್ನು ಆಹಾರಕ್ಕೆ ಬಳಸಬಹುದು, ಆದರೆ ಅವುಗಳಿಗೆ ವಿನಾಕಾರಣ ನೋವು ಕೊಡುವುದು ಮನುಷ್ಯನ ಘನತೆಗೇ ವಿರುದ್ಧವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಎತ್ತು ಕತ್ತೆಗಳಿಗೂ ಸಬ್ಬತ್ತಿನ ವಿಶ್ರಾಂತಿ ಸಲ್ಲಬೇಕೆಂದು ವಿಮೋಚನಾಕಾಂಡವೇ ವಿಧಿಸಿದೆ. ಸಾಯಲಿರುವ ಪ್ರಾಣಿಗೂ ಬದುಕಿರುವಷ್ಟು ದಿನ ನಾವು ಋಣಿಗಳು.

ಈಗ ಸಾಮತಿಗೆ ಬರೋಣ. ಆ ಕರುವಿಗೆ ಕಾಳು ಹಾಕಿದವರು ಯಾರೆಂದು ಸಂತ ಲೂಕರು ಹೇಳುವುದಿಲ್ಲ. ಮನೆಯಲ್ಲಿ ಆಳುಗಳಿದ್ದರು, ನಿಜ. ಕಿರಿಯ ಮಗನಂತೂ ಅಲ್ಲ; ಅವನು ದೂರದೇಶದಲ್ಲಿ ಹಂದಿ ಕಾಯುತ್ತಿದ್ದ. ಉಳಿದು ದುಡಿದವನು ಹಿರಿಯ. ಅವನು ಹೊಲದಿಂದ ಬರುವಾಗ ಮನೆಯಲ್ಲಿ ವಾದ್ಯ, ಕುಣಿತ. ಯಾರೂ ಅವನಿಗೆ ಹೇಳಿಕಳುಹಿಸಿರಲಿಲ್ಲ! ತಮ್ಮ ಬಂದ ಸುದ್ದಿಯನ್ನೂ ಕರು ಕೊಯ್ದ ಸುದ್ದಿಯನ್ನೂ ಆಳಿನ ಬಾಯಿಂದ ಕೇಳಬೇಕಾಯಿತು. ಅವನ ಸಿಟ್ಟನ್ನು ಬರೀ ಹೊಟ್ಟೆಕಿಚ್ಚೆಂದು ತಳ್ಳಿಹಾಕುವ ಪ್ರಬೋಧನೆಗಳು ನನಗೆ ಒಪ್ಪಿಗೆಯಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲೂ ಅವನಿದ್ದಾನೆ. ತಮ್ಮ ಗಲ್ಫಿಗೋ ಬೆಂಗಳೂರಿಗೋ ಹೋದ. ಇವನು ಊರಲ್ಲಿದ್ದು ತೋಟ ನೋಡಿ, ಹಟ್ಟಿ ತೊಳೆದು, ಹಾಸಿಗೆ ಹಿಡಿದ ಅಪ್ಪನನ್ನು ಎತ್ತಿ ಕೂರಿಸುತ್ತಾನೆ. ಅನೇಕ ಮನೆಗಳಲ್ಲಿ ಅದು ಮದುವೆಯಾಗದ ಅಕ್ಕ, ಇಲ್ಲವೇ ಸೊಸೆ. ಕ್ರಿಸ್ಮಸ್‌ಗೆ ತಮ್ಮ ಬಂದಾಗ ಕೋಳಿ ಕೊಯ್ಯುವುದು ಸರಿಯೇ. ಆದರೆ ಆ ಕೋಳಿಗೆ ಕಾಳು ಹಾಕಿದವಳು ಎಲ್ಲರದೂ ಆದಮೇಲೆ ಅಡುಗೆಮನೆಯಲ್ಲಿ ಉಣ್ಣಬೇಕೇ? ಆಸ್ತಿಯ ಮಾತುಕತೆಗೆ ಅವಳನ್ನು ಕರೆಯುವವರೇ ಇಲ್ಲವೇ?

ಸಾಮತಿಯ ತಂದೆ ಹಿರಿಯನನ್ನು ಗದರಲಿಲ್ಲ. ಹಬ್ಬವನ್ನು ಬಿಟ್ಟು ಅಂಗಳಕ್ಕೆ ಬಂದು ಬೇಡಿಕೊಂಡ. ತನ್ನದೆಲ್ಲ ಅವನದೇ ಎಂದು ಬಾಯಿಬಿಟ್ಟು ಹೇಳಿದ. ಆ ಒಂದು ಮಾತನ್ನು ಆಡದೆಯೇ ಕಣ್ಣುಮುಚ್ಚುವ ಅಪ್ಪಂದಿರು ನಮ್ಮಲ್ಲಿ ಎಷ್ಟು ಮಂದಿ! ಹಿರಿಯ ಮಗ ಒಳಗೆ ಹೋದನೋ ಇಲ್ಲವೋ, ಶುಭಸಂದೇಶದಲ್ಲಿ ಬರೆದಿಲ್ಲ. ನಿಮ್ಮ ಮನೆಯಲ್ಲಿ ಆ ಮಾತು ಬಾಕಿಯಿದ್ದರೆ ಈ ಭಾನುವಾರ ಪೂಜೆಗೆ ಹೊರಡುವ ಮೊದಲೇ ಹೇಳಿಬಿಡಿ.