ಯಾರ ಹೆಗಲ ಮೇಲಿನ ಸ್ಥಿರತೆ?

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯೂರಿಟಿಯವರನ್ನ ಎಲ್ಲರೂ ಕರೆಯೋದು ‘ಬಹದ್ದೂರ್’ ಅಂತ. ಅದು ಅವರ ಹೆಸರಲ್ಲ. ಅವರಿಗಿಂತ ಮುಂಚೆ ಇದ್ದವರನ್ನೂ ಹಾಗೇ ಕರೀತಿದ್ವಿ. ಆರು ವರ್ಷ ಅದೇ ಗೇಟಿನಲ್ಲಿ ಓಡಾಡಿದ ನನಗೆ ಅವರು ನೇಪಾಳದವರು ಅನ್ನೋದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, 2025ರ ಸೆಪ್ಟೆಂಬರ್ 8ರ ತನಕ.

ಆ ರಾತ್ರಿ ಆಫೀಸಿನಿಂದ ಬರುವಾಗ ಹನ್ನೊಂದು ಗಂಟೆ. ದಾರಿಯುದ್ದಕ್ಕೂ ಕ್ಯಾಬಿನಲ್ಲಿ ಕೂತು ಕಾಠ್ಮಂಡುವಿನ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿದ್ದೆ. ಸಂಸತ್ತಿನ ಮುಂದೆ ಕಾಲೇಜು ಹುಡುಗರು, ಹೊಗೆ, ಗುಂಡಿನ ಸದ್ದು. ಗೇಟಿನಲ್ಲಿ ಅವರನ್ನು ಕಂಡದ್ದೇ ನನ್ನೊಳಗಿನ ವಿಶ್ಲೇಷಕ ಎದ್ದು ಕೂತ. ನನ್ನ ಹರಕು ಹಿಂದಿಯಲ್ಲಿ ಹೇಳಿದೆ: “ನಿಮ್ಮ ದೇಶಕ್ಕೆ ಒಬ್ಬ ಗಟ್ಟಿ ನಾಯಕ ಬೇಕು ನೋಡಿ. ರಾಜ ಇದ್ದಾಗಲೇ ವಾಸಿ ಇತ್ತೇನೋ.”

ಅವರು ನನ್ನ ಮುಖ ನೋಡಲಿಲ್ಲ. ಕೈಲಿದ್ದ ಫೋನು ನೋಡ್ತಾ ಅಂದರು: “ಮಗ ಕಾಠ್ಮಂಡುವಿನಲ್ಲಿ ಓದ್ತಿದಾನೆ ಸಾರ್. ಸಿಗ್ತಿಲ್ಲ.”

ಅದಕ್ಕೆ ನಾಲ್ಕು ದಿನ ಮುಂಚೆ ನೇಪಾಳ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿತ್ತು. ಆ ಕಂಪನಿಗಳು ನೋಂದಣಿ ಮಾಡಿಸಿಲ್ಲ ಅನ್ನೋದು ಕಾರಣ. ಪಟ್ಟಿಯಲ್ಲಿ ವಾಟ್ಸ್ಆ್ಯಪ್, ಮೆಸೆಂಜರ್ ಎರಡೂ ಇದ್ದವು. ಸರ್ಕಾರಕ್ಕೆ ಅದು ನಿಯಮದ ವಿಷಯ. ಇವರ ಪಾಲಿಗೆ ಮನೆಗಿದ್ದ ದಾರಿಯೇ ಅದೊಂದು. ನನ್ನ ಫೋನಿಗೆ ಐಎಸ್‌ಡಿ ಪ್ಯಾಕ್ ಹಾಕಿಸಿ ಕೊಟ್ಟೆ. ಒಂದೂವರೆ ಗಂಟೆಯಾದ ಮೇಲೆ ಹುಡುಗ ಸಿಕ್ಕಿದ. ಮೆರವಣಿಗೆಗೆ ಹೋಗಿದ್ದನಂತೆ, ಗುಂಡು ಹಾರಿದ ಮೇಲೆ ಓಡಿ ರೂಮು ಸೇರಿಕೊಂಡಿದ್ದನಂತೆ. ಅಪ್ಪ ನೇಪಾಳಿಯಲ್ಲಿ ಬೈದದ್ದು ನನಗೆ ಅರ್ಥವಾಗಲಿಲ್ಲ, ಆದರೆ ಯಾವ ಅಪ್ಪ ಬೈದರೂ ದನಿ ಹಾಗೇ ಇರುತ್ತೆ. ಆ ಒಂದೇ ದಿನ 19 ಜನ ಸತ್ತಿದ್ದರು.

ಒಂದು ವಾರದ ನಂತರ ಟೀ ಕುಡೀತಾ ಅವರೇ ನನ್ನ ಹಳೇ ಮಾತು ಎತ್ತಿದರು. “ಅವತ್ತು ರಾಜನ ಬಗ್ಗೆ ಕೇಳಿದ್ರಲ್ಲ ಸಾರ್. ರಾಜ ಇದ್ದಾಗ ನಮ್ಮಪ್ಪ ಇಂಡಿಯಾಕ್ಕೆ ದುಡಿಯಕ್ಕೆ ಬಂದ. ಯುದ್ಧ ನಡೆಯುವಾಗ ನಾನು ಬಂದೆ. ಮಗ ಬರೋದು ಬೇಡ ಅಂತ ಓದಿಸ್ತಿದೀನಿ.”

ಅವರದು ದೂರ ಪಶ್ಚಿಮದ ಅಛಾಮ್ ಜಿಲ್ಲೆ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದಲ್ಲಿ ನೇಪಾಳದಲ್ಲಿ ಸುಮಾರು 17 ಸಾವಿರ ಜನ ಸತ್ತರು. 2002ರ ಫೆಬ್ರವರಿಯಲ್ಲಿ ಅಛಾಮ್‌ನ ಮಂಗಲಸೇನ್ ಮೇಲೆ ನಡೆದ ಒಂದೇ ದಾಳಿಯಲ್ಲಿ ನೂರಕ್ಕೂ ಹೆಚ್ಚು ಪೊಲೀಸರು, ಸೈನಿಕರು ಸತ್ತರು. ರಾತ್ರಿ ಮಾವೋವಾದಿಗಳು ಬಂದು ಊಟ ಕೇಳ್ತಿದ್ದರು, ಹಗಲು ಸೈನ್ಯ ಬಂದು ಊಟ ಯಾಕೆ ಹಾಕಿದೆ ಅಂತ ಕೇಳ್ತಿತ್ತು ಅಂದರು. ಆ ವರ್ಷವೇ ಅವರು ಊರು ಬಿಟ್ಟದ್ದು.

ಅವತ್ತಿನಿಂದ ನನ್ನನ್ನು ಕಾಡ್ತಿರೋ ಪ್ರಶ್ನೆ ಇದು: ಇನ್ನೊಬ್ಬರ ದೇಶಕ್ಕೆ ‘ಸ್ಥಿರತೆ ಬೇಕು’ ಅಂತ ನಾನು ಹೇಳುವಾಗ ನಿಜವಾಗಿ ಏನು ಕೇಳ್ತಿದೀನಿ?

ಸ್ಥಿರತೆಯನ್ನ ಬಯಸೋದು ತಪ್ಪಲ್ಲ. ತಿಂಗಳ ಕೊನೆಗೆ ಸಂಬಳ, ಐದಕ್ಕೆ ಇಎಂಐ, ಮಗುವಿಗೆ ಶಾಲೆ, ಇಷ್ಟು ಸರಿಯಾಗಿದ್ದರೆ ನಮ್ಮಂಥವರು ದೇಶ ಸರಿಯಾಗಿದೆ ಅಂದ್ಕೊಳ್ತೀವಿ. ಗದ್ದೆ ಬಿತ್ತೋನಿಗೂ ಇದೇ ಬೇಕು. ತೊಂದರೆ ಇರೋದು ನಾವು ಅದನ್ನು ಅಳೆಯೋ ರೀತಿಯಲ್ಲಿ. ಕುರ್ಚಿ ಅಲುಗಾಡದಿದ್ದರೆ ನೆಲವೂ ಗಟ್ಟಿ ಅಂತ ತಿಳೀತೀವಿ.

1960ರಲ್ಲಿ ರಾಜ ಮಹೇಂದ್ರ ಚುನಾಯಿತ ಸರ್ಕಾರವನ್ನ ವಜಾ ಮಾಡಿ, ಪಕ್ಷಗಳನ್ನ ನಿಷೇಧಿಸಿ ಪಂಚಾಯತ್ ವ್ಯವಸ್ಥೆ ತಂದ. ಅದು 30 ವರ್ಷ ನಡೀತು. ದೂರದಿಂದ ನೋಡಿದರೆ ಎಂಥಾ ಸ್ಥಿರತೆ! ಮುಚ್ಚಳ ಬಿಗಿದ ಕುಕ್ಕರ್ ಕೂಡ ಒಲೆ ಮೇಲೆ ಸ್ಥಿರವಾಗೇ ಕೂತಿರುತ್ತೆ. 1990ರಲ್ಲಿ ಜನ ಬೀದಿಗಿಳಿದರು, 2006ರಲ್ಲಿ ಮತ್ತೆ ಇಳಿದರು. 2008ರಲ್ಲಿ ಸುಮಾರು 240 ವರ್ಷದ ರಾಜಪ್ರಭುತ್ವ ಹೋಯ್ತು. ಹೊಸ ಸಂವಿಧಾನ ಬಂದದ್ದು 2015ರಲ್ಲಿ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. 1990ರ ನಂತರ ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಿಲ್ಲ. ಹಾಗಂತ ಹೊಸಬರೇನೂ ಬರಲಿಲ್ಲ. ದೇವುಬಾ ಐದು ಸಲ, ಓಲಿ ನಾಲ್ಕು ಸಲ, ಪ್ರಚಂಡ ಮೂರು ಸಲ ಪ್ರಧಾನಿಯಾದರು. ಸರ್ಕಾರ ನಿಲ್ಲಲಿಲ್ಲ, ಮುಖಗಳು ಬದಲಾಗಲಿಲ್ಲ. ಅಸ್ಥಿರತೆ, ಜಡತ್ವ ಎರಡೂ ಒಟ್ಟಿಗೆ. ಈ ಮಧ್ಯೆ ದೇಶದ ಆದಾಯದ ಸುಮಾರು ಕಾಲು ಭಾಗದಷ್ಟು ಹಣ, ಹೊರಗೆ ದುಡಿಯೋರು ಮನೆಗೆ ಕಳಿಸ್ತಿದ್ದದ್ದು. ಅಂದ್ರೆ ಮೇಲೆ ಕುರ್ಚಿ ಆಟ ಆಡೋರ ಭಾರವನ್ನ ಹೊತ್ತಿದ್ದು ನಮ್ಮ ಗೇಟಿನಲ್ಲಿ, ಕತಾರ್‌ನ ಕಟ್ಟಡಗಳಲ್ಲಿ, ಮಲೇಷ್ಯಾದ ಕಾರ್ಖಾನೆಗಳಲ್ಲಿ ನಿಂತಿದ್ದ ಹೆಗಲುಗಳು.

ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಒಂದು ಸರಳ ಪರೀಕ್ಷೆ ಕೊಡ್ತಾನೆ. ಯಾರು ಆಳಬೇಕು ಅನ್ನೋದನ್ನ ಪಕ್ಕಕ್ಕಿಡಿ, ಕೆಟ್ಟದಾಗಿ ಆಳೋರನ್ನ ರಕ್ತ ಹರಿಸದೆ ಇಳಿಸೋಕೆ ದಾರಿ ಇದೆಯಾ ಅಂತ ಕೇಳಿ. ಈ ಲೆಕ್ಕದಲ್ಲಿ ಸ್ಥಿರ ದೇಶ ಅಂದ್ರೆ ಯಾರೂ ಸಾಯದೆ ಬದಲಾಗಬಲ್ಲ ದೇಶ. 1990, 2006, 2025, ಮೂರು ಸಲವೂ ನೇಪಾಳಕ್ಕೆ ಹೆಣಗಳನ್ನ ಎಣಿಸಬೇಕಾಯ್ತು. ಈ ಸಲದ ಲೆಕ್ಕ 70 ದಾಟಿತು.

ಹಾಗಂತ ಬದಲಾವಣೆಯನ್ನ ಬರೀ ಹೊಗಳೋಕೂ ನನಗೆ ಆಗ್ತಿಲ್ಲ. ಸೆಪ್ಟೆಂಬರ್ 9ರಂದು ಓಲಿ ರಾಜೀನಾಮೆ ಕೊಟ್ಟರು. ಅದೇ ದಿನ ಸಂಸತ್ತು, ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಹೊತ್ತಿ ಉರಿದವು. ಕೋರ್ಟು ಸುಟ್ಟಾಗ ಸುಡೋದು ಮಂತ್ರಿಯ ಭ್ರಷ್ಟಾಚಾರದ ಜೊತೆಗೆ ಯಾರದೋ ಅರ್ಧ ಎಕರೆಯ ವ್ಯಾಜ್ಯದ ಕಡತ ಕೂಡ. ಮೂರೇ ದಿನದಲ್ಲಿ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕರ್ಕಿ ಹಂಗಾಮಿ ಪ್ರಧಾನಿಯಾದರು, ಆ ಹುದ್ದೆಗೇರಿದ ಮೊದಲ ಮಹಿಳೆ. ಆದರೆ ಅಲ್ಲಿನ ಸಂವಿಧಾನದಂತೆ ಪ್ರಧಾನಿ ಪ್ರತಿನಿಧಿ ಸಭೆಯ ಸದಸ್ಯರಿರಬೇಕು, ಅವರು ಇರಲಿಲ್ಲ. ವ್ಯವಸ್ಥೆ ಉಳಿಸೋಕೆ ನಿಯಮವನ್ನ ಬಗ್ಗಿಸಬೇಕಾಯ್ತು. ಒಳ್ಳೆಯವರಿಗಾಗಿ ಬಗ್ಗಿದ ನಿಯಮ ನಾಳೆ ಕೆಟ್ಟವರಿಗೂ ಬಗ್ಗಬಹುದು. ಈ ಭಯ ನನಗಿದೆ. ಆದರೂ ಮೂರು ದಿನದೊಳಗೆ ಚುನಾವಣೆಗೆ ದಿನಾಂಕ ಗೊತ್ತಾಯ್ತು: 2026ರ ಮಾರ್ಚ್ 5. ಬೂದಿ ಆರುವ ಮೊದಲೇ ಮತಪೆಟ್ಟಿಗೆ ನೆನಪಾದದ್ದು ನನಗೆ ದೊಡ್ಡದಾಗಿ ಕಾಣುತ್ತೆ.

ಇಷ್ಟೆಲ್ಲ ಬರೆಯೋಕೆ ಕಾರಣ ಆ ದಿನಾಂಕವೇ. ಹೊರದೇಶದಿಂದ ಮತ ಹಾಕೋ ಅವಕಾಶ ನೇಪಾಳಿಗಳಿಗಿಲ್ಲ, ಊರಿಗೇ ಹೋಗಬೇಕು. ಬೆಂಗಳೂರಿನಿಂದ ರೈಲು ಹಿಡಿದು ಉತ್ತರ ಪ್ರದೇಶ, ಗಡಿ ದಾಟಿ ಧನಗಢಿ, ಅಲ್ಲಿಂದ ಬೆಟ್ಟದ ದಾರಿಯಲ್ಲಿ ಬಸ್ಸು. ಹೋಗಿ ಬರೋಕೆ ಹನ್ನೆರಡು ದಿನ ರಜೆ ಕೇಳಿದಾರೆ. ಹತ್ತು ವರ್ಷದಲ್ಲಿ ಒಮ್ಮೆಯೂ ಮತ ಹಾಕಿಲ್ಲವಂತೆ.

ಹೋದ ಭಾನುವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ವಿಷಯ ಬಂತು. “ಅಷ್ಟು ದಿನ ಗೇಟ್ ಯಾರು ನೋಡ್ಕೊಳ್ತಾರೆ? ಹೊಸಬರು ಬಂದ್ರೆ ಸೇಫ್ಟಿ ಕಥೆ ಏನು?” ಅಂದರು ಒಬ್ಬರು. ಕೆಟ್ಟ ಮನುಷ್ಯರಲ್ಲ. ಅವರು ಕೇಳಿದ್ದು ನಾನು ಆ ರಾತ್ರಿ ಕೇಳಿದ್ದನ್ನೇ: ಸ್ಥಿರತೆ. ನಮ್ಮ ಗೇಟು ಅಲುಗಾಡಬಾರದು ಅನ್ನೋದಾದ್ರೆ ಅಛಾಮ್‌ನಲ್ಲಿ ಒಂದು ಮತ ಬೀಳಬಾರದು. ಲೆಕ್ಕ ಅಷ್ಟು ನೇರವಾಗಿದೆ.

ಬದಲಿ ಆಳಿನ ಖರ್ಚನ್ನ ಎಲ್ಲ ಮನೆಯವರೂ ಹಂಚ್ಕೊಳ್ಳೋಣ, ಅವರ ಸಂಬಳ ಕತ್ತರಿಸೋದು ಬೇಡ ಅಂತ ಹೇಳಿದೆ. ಮನೆಗೆ ನೂರು ರೂಪಾಯಿಯೂ ಬೀಳಲ್ಲ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದಿದಾರೆ. ಯಾರಿಗೆ ಮತ ಹಾಕ್ತೀರಿ ಅಂತ ಅವರನ್ನ ಕೇಳಿಲ್ಲ. ಹೆಸರು ಮಾತ್ರ ಕೇಳಿ ತಿಳ್ಕೊಂಡಿದೀನಿ. ಇಲ್ಲಿ ಬರೀಬೇಡಿ ಸಾರ್ ಅಂದರು, ಅದಕ್ಕೇ ಬರೆದಿಲ್ಲ.